ಅಶಕ್ತತಾ ನಿವೃತ್ತಿ (ಬ್ರಿಟಿಷ್ ಭಾರತ)

ಅಶಕ್ತತಾ ನಿವೃತ್ತಿ ಎಂದರೆ ದೇಹದ ಅಥವಾ ಮನಸ್ಸಿನ ಅಸ್ವಾಸ್ಥ್ಯದಿಂದ ಸರ್ಕಾರಿ ಕೆಲಸವನ್ನು ಮುಂದುವರಿಸಲಾರದ ಅಧಿಕಾರಿಯನ್ನು ನಿವೃತ್ತಿಯ ವಯಸ್ಸು ಬರುವ ಮೊದಲೇ ಸೇವೆಯಿಂದ ಬಿಡುಗಡೆ ಮಾಡುವ ವ್ಯವಸ್ಥೆ. ಹೀಗೆ ಬಿಡುಗಡೆಯಾದವರಿಗೆ ಸಲ್ಲುತ್ತಿದ್ದ ವೇತನಕ್ಕೆ ಅಶಕ್ತತಾ ಪಿಂಚಣಿ ಅಥವಾ ಇನ್ವ್ಯಾಲಿಡ್ ಪೆನ್ಷನ್ ಎಂಬ ಹೆಸರಿತ್ತು. ಭಾರತದಲ್ಲಿ ಈ ವ್ಯವಸ್ಥೆಯು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನಿಧಿಗಳು ಮತ್ತು ರಜೆಯ ನಿಯಮಗಳ ರೂಪದಲ್ಲಿ ಆರಂಭವಾಯಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿವಿಲ್ ಸರ್ವಿಸ್ ರೆಗ್ಯುಲೇಷನ್ಸ್ ಎಂಬ ಸಂಹಿತೆಯಲ್ಲಿ ಅದಕ್ಕೆ ಖಚಿತವಾದ ರೂಪ ದೊರೆಯಿತು. ರೋಗಿಯಾದ ನೌಕರನಿಗೆ ಇದು ಆಸರೆಯಾಗಿತ್ತು. ಆದರೆ ಪಿಂಚಣಿಯ ಮೊತ್ತವು ಸೇವಾವಧಿಯನ್ನು ಅವಲಂಬಿಸಿದ್ದುದರಿಂದ, ಬೇಗ ಹೊರಟವರಿಗೆ ಹಣದ ನಷ್ಟವೂ ತಡಮಾಡಿದವರಿಗೆ ಪ್ರಾಣದ ಅಪಾಯವೂ ಕಾದಿರುತ್ತಿದ್ದವು.

ಹಿನ್ನೆಲೆ

18 ಮತ್ತು 19ನೆಯ ಶತಮಾನಗಳಲ್ಲಿ ಭಾರತಕ್ಕೆ ಬಂದ ಬ್ರಿಟಿಷ್ ಅಧಿಕಾರಿಗಳನ್ನು ಹೆಚ್ಚಾಗಿ ಕಾಡಿದ ರೋಗಗಳು ಮಲೇರಿಯಾ, ಆಮಶಂಕೆ, ಕಾಲರಾ ಮತ್ತು ಯಕೃತ್ತಿನ ಉರಿಯೂತ. ಇವುಗಳ ನಿಜವಾದ ಕಾರಣಗಳು ಆ ಕಾಲದ ವೈದ್ಯರಿಗೆ ತಿಳಿದಿರಲಿಲ್ಲ. ಜೌಗು ನೆಲ ಮತ್ತು ಕಾಡುಗಳಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂಬ ನಂಬಿಕೆ ಬಲವಾಗಿತ್ತು. ಆದ್ದರಿಂದ ಔಷಧಕ್ಕಿಂತ ಹೆಚ್ಚಾಗಿ ಹವೆಯ ಬದಲಾವಣೆಯನ್ನೇ ಚಿಕಿತ್ಸೆಯೆಂದು ಸೂಚಿಸಲಾಗುತ್ತಿತ್ತು. ಮೊದಲು ತಂಪಾದ ಊರಿಗೆ, ಅದರಿಂದ ಗುಣವಾಗದಿದ್ದರೆ ಸಮುದ್ರಯಾನಕ್ಕೆ, ಅದೂ ಫಲಿಸದಿದ್ದರೆ ಸ್ವದೇಶಕ್ಕೆ ಕಳುಹಿಸುವುದು ರೂಢಿಯಾಗಿತ್ತು. ರಾಬರ್ಟ್ ಕಾಖ್ ಅವರು 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವಿನ ಬಗೆಗಿನ ಸಂಶೋಧನೆಯನ್ನು ಪೂರ್ಣಗೊಳಿಸಿದರು. 1897ರಲ್ಲಿ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ದೇಹದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದರು. ರಜೆ ಮತ್ತು ನಿವೃತ್ತಿಯ ನಿಯಮಗಳು ರೂಪುಗೊಂಡದ್ದು ಬಹುಮಟ್ಟಿಗೆ ಈ ಆವಿಷ್ಕಾರಗಳಿಗಿಂತ ಹಿಂದೆ. ಹೀಗಾಗಿ ಅಧಿಕಾರಿಯನ್ನು ಒಂದು ಸ್ಥಳದಿಂದ ದೂರ ಕಳುಹಿಸುವ ಆಲೋಚನೆಯೇ ಅವುಗಳಲ್ಲಿ ಎದ್ದು ಕಾಣುತ್ತದೆ.

ಕಂಪನಿ ಆಡಳಿತದ ಕಾಲ

ಕ್ಲೈವ್ ನಿಧಿ

ಅಶಕ್ತರಾದವರಿಗೆ ನೆರವು ನೀಡಲು ಏರ್ಪಟ್ಟ ಆರಂಭಿಕ ವ್ಯವಸ್ಥೆಗಳಲ್ಲಿ ಕ್ಲೈವ್ ನಿಧಿ ಮುಖ್ಯವಾದುದು. ಬಂಗಾಳದ ನವಾಬ ಮೀರ್ ಜಾಫರ್ 1765ರಲ್ಲಿ ಮರಣ ಹೊಂದಿದಾಗ ರಾಬರ್ಟ್ ಕ್ಲೈವ್‌ಗೆ ಐದು ಲಕ್ಷ ರೂಪಾಯಿಗಳನ್ನು ಉಯಿಲಿನ ಮೂಲಕ ಬಿಟ್ಟುಹೋದನೆಂದು ಹೇಳಲಾಯಿತು. ಈ ಹಣವನ್ನು ಮೂಲಧನವಾಗಿಟ್ಟುಕೊಂಡು, ಕಂಪನಿಯ ಸೇವೆಯಲ್ಲಿ ರೋಗ ಅಥವಾ ಗಾಯಗಳಿಂದ ಅಶಕ್ತರಾದ ಸೈನ್ಯಾಧಿಕಾರಿಗಳು, ಸೈನಿಕರು ಹಾಗೂ ಅವರ ವಿಧವೆಯರಿಗೆ ನೆರವಾಗಲು 1770ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಲಾಯಿತು. 1858ರಲ್ಲಿ ಕಂಪನಿಯ ಆಡಳಿತ ಕೊನೆಗೊಂಡು ಅದರ ಸೈನ್ಯವು ರಾಣಿಯ ಅಧೀನಕ್ಕೆ ಹೋದ ಮೇಲೆ ನಿಧಿಯ ಮೂಲಧನ ಯಾರಿಗೆ ಸೇರಬೇಕೆಂಬ ವಿವಾದ ಎದ್ದಿತು. ಅದು ಕ್ಲೈವ್‌ನ ವಾರಸುದಾರರಿಗೆ ಸೇರಬೇಕೆಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1863ರಲ್ಲಿ ತೀರ್ಮಾನಿಸಿತು.

ಸೈನ್ಯಾಧಿಕಾರಿಗಳಿಗೆ ವೇತನಸಹಿತ ದೀರ್ಘ ರಜೆ ಮತ್ತು ನಿವೃತ್ತಿ ವೇತನವನ್ನು 1796ರ ನಿಯಮಗಳು ಕಲ್ಪಿಸಿದವು. ಕರಾರುಬದ್ಧ ಸಿವಿಲ್ ಸೇವೆಯ ಅಧಿಕಾರಿಗಳು ತಮ್ಮ ಸಂಬಳದಿಂದ ವಂತಿಗೆ ತೆತ್ತು ಬಂಗಾಳ, ಮದರಾಸು ಮತ್ತು ಬೊಂಬಾಯಿ ಪ್ರಾಂತಗಳಲ್ಲಿ ಪ್ರತ್ಯೇಕ ನಿಧಿಗಳನ್ನು ನಡೆಸುತ್ತಿದ್ದರು. ಇವುಗಳಿಂದ ನಿವೃತ್ತರಿಗೂ ವಿಧವೆಯರಿಗೂ ಮಕ್ಕಳಿಗೂ ವರ್ಷಾಶನ ದೊರೆಯುತ್ತಿತ್ತು.

ಅನಾರೋಗ್ಯ ರಜೆ

ನಿವೃತ್ತಿಗೆ ಮೊದಲಿನ ಹಂತ ಅನಾರೋಗ್ಯ ರಜೆ. ಹಡಗು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಹೋಗಬೇಕಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ಪ್ರಯಾಣಕ್ಕೆ ಹಲವು ತಿಂಗಳು ಬೇಕಾಗುತ್ತಿದ್ದವು. ಅಲ್ಲದೆ ಯುರೋಪಿಗೆ ಹೊರಟ ಅಧಿಕಾರಿ ತನ್ನ ಹುದ್ದೆಯನ್ನೂ ಭತ್ಯೆಗಳನ್ನೂ ಕಳೆದುಕೊಳ್ಳುವ ಸಂಭವವಿತ್ತು. ಕೇಪ್ ಆಫ್ ಗುಡ್ ಹೋಪ್ ಪ್ರದೇಶವು ಕಂಪನಿಯ ಸನದಿನ ಎಲ್ಲೆಯೊಳಗೆ ಸೇರಿತ್ತು. ಆದ್ದರಿಂದ ಅಲ್ಲಿಗೆ ಹೋದವರಿಗೆ ಈ ನಷ್ಟ ತಟ್ಟುತ್ತಿರಲಿಲ್ಲ. ಈ ಕಾರಣದಿಂದ ಕೇಪ್ ಪಟ್ಟಣವು ಭಾರತದಿಂದ ಬಂದ ರೋಗಿ ಅಧಿಕಾರಿಗಳ ವಿಶ್ರಾಂತಿ ತಾಣವಾಯಿತು.

1820ರ ದಶಕದಿಂದ ನೀಲಗಿರಿಯ ಉದಕಮಂಡಲ, ಹಿಮಾಲಯದ ಸಿಮ್ಲಾ ಮೊದಲಾದ ಗಿರಿಧಾಮಗಳು ಬೆಳೆದಂತೆ ದೇಶದೊಳಗೇ ಹವೆ ಬದಲಿಸುವ ಅವಕಾಶ ದೊರೆಯಿತು. ಮೈಸೂರು ಸೀಮೆಯಲ್ಲಿ ಬೆಂಗಳೂರು ಆರೋಗ್ಯಕರವಾದ ಹವೆಯುಳ್ಳ ದಂಡುಪ್ರದೇಶವೆಂದು ಹೆಸರಾಯಿತು. ಸಮೀಪದ ನಂದಿಬೆಟ್ಟವೂ ಅಧಿಕಾರಿಗಳ ಬೇಸಿಗೆಯ ತಂಗುದಾಣವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡಿನ ದಾರಿ ಕೆಲವೇ ವಾರಗಳಿಗೆ ಇಳಿದು, ಕೇಪ್‌ನ ಪ್ರಾಮುಖ್ಯ ಕುಗ್ಗಿತು.

ಸಂಹಿತೆಯ ನಿಯಮಗಳು

ಸಿವಿಲ್ ಸರ್ವಿಸ್ ರೆಗ್ಯುಲೇಷನ್ಸ್ ಪಿಂಚಣಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತ್ತು. ಹುದ್ದೆಯೇ ರದ್ದಾದಾಗ ಕೊಡುವ ಪರಿಹಾರ ಪಿಂಚಣಿ, ರೋಗದಿಂದ ಅಶಕ್ತರಾದವರಿಗೆ ಅಶಕ್ತತಾ ಪಿಂಚಣಿ, ನಿಗದಿತ ವಯಸ್ಸು ತಲುಪಿದವರಿಗೆ ವಯೋನಿವೃತ್ತಿ ಪಿಂಚಣಿ ಮತ್ತು ದೀರ್ಘಕಾಲ ಸೇವೆ ಸಲ್ಲಿಸಿದವರಿಗೆ ಸೇವಾ ನಿವೃತ್ತಿ ಪಿಂಚಣಿ ಎಂಬುವೇ ಆ ನಾಲ್ಕು. ಸಾಮಾನ್ಯವಾಗಿ ವಯೋನಿವೃತ್ತಿಗೆ 55 ವರ್ಷ ವಯಸ್ಸೂ, ಸೇವಾ ನಿವೃತ್ತಿಗೆ 30 ವರ್ಷಗಳ ಸೇವೆಯೂ ಆಗಿರಬೇಕಿತ್ತು. ಈ ಎರಡರಲ್ಲಿ ಯಾವುದನ್ನೂ ಮುಟ್ಟದವನು ಪಿಂಚಣಿಯೊಡನೆ ಹೊರಬರಲು ಹುದ್ದೆ ರದ್ದಾಗಬೇಕಿತ್ತು; ಇಲ್ಲವೇ ಅಶಕ್ತನೆಂದು ವೈದ್ಯರು ಪ್ರಮಾಣೀಕರಿಸಬೇಕಿತ್ತು.

ವೈದ್ಯಕೀಯ ಪ್ರಮಾಣಪತ್ರ

ಕೆಲಸಕ್ಕೆ ಆಗದಷ್ಟು ಕಾಯಿಲೆಯಾಗಿದೆ ಎಂದು ನೌಕರನು ಹೇಳಿಕೊಂಡರೆ ಸಾಲುತ್ತಿರಲಿಲ್ಲ. ಅವನು ಅರ್ಜಿ ಸಲ್ಲಿಸಿರುವ ಸಂಗತಿ ಕಚೇರಿಯ ಮುಖ್ಯಸ್ಥನಿಗೆ ತಿಳಿದಿರಬೇಕಿತ್ತು. ಬಳಿಕ ಅವನ ಪದವಿಗೆ ತಕ್ಕಂತೆ ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಮಂಡಳಿ ಪರೀಕ್ಷೆ ನಡೆಸುತ್ತಿತ್ತು. ಇಂಗ್ಲೆಂಡಿನಲ್ಲಿ ರಜೆಯಲ್ಲಿದ್ದ ಅಧಿಕಾರಿಗಳನ್ನು ಲಂಡನ್ನಿನ ಇಂಡಿಯಾ ಆಫೀಸಿನ ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತಿತ್ತು. ಪ್ರಮಾಣಪತ್ರದಲ್ಲಿ ಮುಖ್ಯವಾಗಿ ಈ ಸಂಗತಿಗಳು ದಾಖಲಾಗಬೇಕಿತ್ತು:

• ನೌಕರನು ಹೇಳಿದ ವಯಸ್ಸು ಮತ್ತು ನೋಟಕ್ಕೆ ಅವನಿಗಿರಬಹುದಾದ ವಯಸ್ಸು.
• ಅಶಕ್ತತೆಗೆ ಕಾರಣವಾದ ರೋಗ.
• ಅಶಕ್ತತೆಯು ಪೂರ್ಣವೂ ಶಾಶ್ವತವೂ ಆದದ್ದೇ ಎಂಬ ಅಭಿಪ್ರಾಯ.
• ಕುಡಿತ ಮೊದಲಾದ ದುಶ್ಚಟಗಳಿಂದ ಅಥವಾ ಕ್ರಮತಪ್ಪಿದ ಜೀವನದಿಂದ ಈ ಸ್ಥಿತಿ ಬಂದಿಲ್ಲವೆಂಬ ಹೇಳಿಕೆ.
• ಈಗಿನ ಕೆಲಸಕ್ಕೆ ಆಗದಿದ್ದರೂ ಹಗುರವಾದ ಬೇರೆ ಕೆಲಸಕ್ಕೆ ಅವನು ಅರ್ಹನೇ ಎಂಬ ಸೂಚನೆ.

ಇವುಗಳಲ್ಲಿ ಪ್ರತಿಯೊಂದು ಅಂಶವೂ ನೌಕರನ ಮುಂದಿನ ಬದುಕನ್ನು ನಿರ್ಧರಿಸುವಂಥದು. ದುಶ್ಚಟವೇ ರೋಗಕ್ಕೆ ನೇರ ಕಾರಣವೆಂದು ಕಂಡುಬಂದರೆ ಅಶಕ್ತತಾ ಪಿಂಚಣಿ ಇಲ್ಲವಾಗುತ್ತಿತ್ತು. ಹಗುರವಾದ ಕೆಲಸ ಮಾಡಬಲ್ಲನೆಂದು ವೈದ್ಯರು ಬರೆದರೆ, ಕಡಿಮೆ ಸಂಬಳದ ಹುದ್ದೆಯನ್ನು ಒಪ್ಪಿಕೊಳ್ಳಬೇಕಾಗಿ ಬರುತ್ತಿತ್ತು. ದಾಖಲೆಯಲ್ಲಿ 55 ವರ್ಷ ತುಂಬದವನ ವಿಷಯದಲ್ಲಿ, ಮುಪ್ಪಿನಿಂದ ಶಕ್ತಿ ಕುಂದಿದೆ ಎಂದಷ್ಟೇ ಬರೆದ ಪ್ರಮಾಣಪತ್ರ ಸ್ವೀಕಾರಾರ್ಹವಾಗಿರಲಿಲ್ಲ, ರೋಗವನ್ನು ಹೆಸರಿಸಲೇಬೇಕಿತ್ತು. ಜನನದ ದಾಖಲೆ ಅಪರೂಪವಾಗಿದ್ದ ಕಾಲದಲ್ಲಿ ಇದು ಭಾರತೀಯ ನೌಕರರಿಗೆ ತೊಡಕಾಗಿತ್ತು. ಕೆಲಸಕ್ಕೆ ಸೇರುವಾಗ ಅಂದಾಜಿನಿಂದ ಬರೆಸಿದ ವಯಸ್ಸೇ ಸೇವಾ ಪುಸ್ತಕದಲ್ಲಿ ಉಳಿದು, ದೇಹದ ನಿಜಸ್ಥಿತಿಗೂ ಕಾಗದಕ್ಕೂ ಹೊಂದಿಕೆಯಾಗದಿರುವ ಸಂಭವವಿತ್ತು.

ಒಮ್ಮೆ ಪೂರ್ಣ ಅಶಕ್ತನೆಂದು ಪ್ರಮಾಣೀಕೃತನಾದವನನ್ನು ತಡವಿಲ್ಲದೆ ಕರ್ತವ್ಯದಿಂದ ಬಿಡುಗಡೆ ಮಾಡಬೇಕಿತ್ತು. ಇನ್ನು ಕೆಲವು ತಿಂಗಳು ದುಡಿದು ಸೇವಾವಧಿಯನ್ನು ಪೂರ್ತಿಗೊಳಿಸುವ ಅವಕಾಶ ಅವನಿಗೆ ಇರುತ್ತಿರಲಿಲ್ಲ.

ಪಿಂಚಣಿಯ ಲೆಕ್ಕ

ಹತ್ತು ವರ್ಷಕ್ಕಿಂತ ಕಡಿಮೆ ಸೇವೆ ಸಲ್ಲಿಸಿದವರಿಗೆ ಪಿಂಚಣಿ ಇರಲಿಲ್ಲ. ಪೂರ್ಣಗೊಂಡ ಪ್ರತಿ ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳ ವೇತನದಂತೆ ಉಪದಾನವನ್ನು ಒಮ್ಮೆಗೇ ಕೊಟ್ಟು ಕಳುಹಿಸಲಾಗುತ್ತಿತ್ತು. ಹತ್ತು ವರ್ಷ ತುಂಬಿದವರಿಗೆ ಕೊನೆಯ ಮೂರು ವರ್ಷಗಳ ಸರಾಸರಿ ವೇತನದ ಅರವತ್ತರಲ್ಲಿ ಹತ್ತು ಭಾಗದವರೆಗೆ ಪಿಂಚಣಿ ಸಲ್ಲುತ್ತಿತ್ತು. ಈ ಪ್ರಮಾಣವು ಸೇವೆಯೊಂದಿಗೆ ಏರುತ್ತ ಹೋಗಿ, 25 ವರ್ಷ ಮತ್ತು ಅದಕ್ಕೂ ಹೆಚ್ಚು ಸೇವೆಗೆ ಅರವತ್ತರಲ್ಲಿ ಮೂವತ್ತು ಭಾಗ, ಅಂದರೆ ಅರ್ಧ ವೇತನವಾಗುತ್ತಿತ್ತು. ಇದರ ಮೇಲೆ ಗರಿಷ್ಠ ಮೊತ್ತದ ಮಿತಿಗಳೂ ಇದ್ದವು.

ಉದಾಹರಣೆಗೆ, ತಿಂಗಳಿಗೆ ಸರಾಸರಿ 120 ರೂಪಾಯಿ ಸಂಬಳ ಪಡೆಯುತ್ತಿದ್ದ ನೌಕರನು 9 ವರ್ಷಗಳ ಸೇವೆಯ ನಂತರ ಅಶಕ್ತನಾದರೆ ಹೆಚ್ಚೆಂದರೆ 1,080 ರೂಪಾಯಿ ಉಪದಾನ ಪಡೆದು ಮನೆಗೆ ಹೋಗಬೇಕಿತ್ತು. ಅದೇ ಸಂಬಳದವನು 10 ವರ್ಷ ಮುಗಿಸಿದ್ದರೆ ಜೀವಮಾನವಿಡೀ ತಿಂಗಳಿಗೆ 20 ರೂಪಾಯಿಯವರೆಗೂ, 25 ವರ್ಷ ಮುಗಿಸಿದ್ದರೆ 60 ರೂಪಾಯಿಯವರೆಗೂ ಪಿಂಚಣಿ ಪಡೆಯಬಹುದಾಗಿತ್ತು. ಒಂಬತ್ತನೆಯ ಮತ್ತು ಹತ್ತನೆಯ ವರ್ಷಗಳ ನಡುವಿನ ಈ ಅಂತರವೇ ರೋಗವನ್ನು ಮರೆಮಾಚಿ ದುಡಿಯುವಂತೆ ಪ್ರೇರೇಪಿಸುತ್ತಿತ್ತು.

ಸಾಮಾನ್ಯ ಸಿವಿಲ್ ನೌಕರನ ಪಿಂಚಣಿಯು ಅವನ ಮರಣದೊಂದಿಗೆ ನಿಲ್ಲುತ್ತಿತ್ತು. ನಿವೃತ್ತಿಯಾದ ಮರು ತಿಂಗಳೇ ಅವನು ತೀರಿಕೊಂಡರೆ ಕುಟುಂಬಕ್ಕೆ ಮುಂದಿನ ಪಿಂಚಣಿ ಇರುತ್ತಿರಲಿಲ್ಲ. ಆದ್ದರಿಂದ ಮಾರಣಾಂತಿಕ ರೋಗವುಳ್ಳವನಿಗೆ ಅಶಕ್ತತಾ ನಿವೃತ್ತಿಯಿಂದ ಆಗುತ್ತಿದ್ದ ಲಾಭ ಅತ್ಯಲ್ಪ. ಪೂರ್ಣ ಸಂಬಳದ ಅಥವಾ ರಜಾ ಸಂಬಳದ ಮೇಲೆ ಉಳಿಯುವುದೇ ಅಂಥವರ ಮನೆಯವರಿಗೆ ಹೆಚ್ಚು ಅನುಕೂಲವಾಗಿತ್ತು.

ಸೇವಾ ವರ್ಗಗಳ ನಡುವಿನ ತಾರತಮ್ಯ

ನಿಯಮಗಳು ಎಲ್ಲರಿಗೂ ಸಮಾನವಾಗಿರಲಿಲ್ಲ. ಕರಾರುಬದ್ಧ ಸೇವೆಯವರು, ಮುಂದೆ ಇಂಡಿಯನ್ ಸಿವಿಲ್ ಸರ್ವಿಸ್ ಎನಿಸಿಕೊಂಡ ವರ್ಗದವರು, 25 ವರ್ಷಗಳ ಸೇವೆಯ ನಂತರ ವರ್ಷಕ್ಕೆ 1,000 ಪೌಂಡ್ ವರ್ಷಾಶನ ಪಡೆಯುತ್ತಿದ್ದರು. ಅವರಲ್ಲಿ ಅನಾರೋಗ್ಯದಿಂದ ಮೊದಲೇ ಹೊರಟವರಿಗೆ ಸೇವಾವಧಿಗೆ ತಕ್ಕ ಕಡಿಮೆ ದರಗಳಿದ್ದವು. ಈ ಸೇವೆಯಲ್ಲಿ ಬಹುಕಾಲದವರೆಗೆ ಇದ್ದವರು ಹೆಚ್ಚಾಗಿ ಯುರೋಪಿಯನ್ನರೇ.

ಗುಮಾಸ್ತರು, ಶಿರಸ್ತೇದಾರರು, ತಹಸೀಲ್ದಾರರು, ಮುನ್ಸೀಫರು, ಶಾಲಾ ಇನ್‌ಸ್ಪೆಕ್ಟರರು ಮೊದಲಾಗಿ ಆಡಳಿತದ ದೈನಂದಿನ ಭಾರವನ್ನು ಹೊತ್ತ ಭಾರತೀಯರು ಮೇಲೆ ವಿವರಿಸಿದ ಅರವತ್ತನೆಯ ಭಾಗದ ಲೆಕ್ಕಕ್ಕೆ ಒಳಪಟ್ಟಿದ್ದರು. ಜವಾನರೇ ಮೊದಲಾದ ಕೆಳದರ್ಜೆಯ ಸೇವೆಯವರಿಗೆ ಇನ್ನೂ ಕಡಿಮೆ ಮೊತ್ತದ ಪ್ರತ್ಯೇಕ ನಿಯಮಗಳಿದ್ದವು. ಸ್ವದೇಶಕ್ಕೆ ಮರಳುವುದೇ ಯುರೋಪಿಯನ್ ಅಧಿಕಾರಿಗೆ ಚಿಕಿತ್ಸೆಯೆಂದು ಪರಿಗಣಿತವಾಗಿತ್ತು. ರೋಗ ಹಬ್ಬಿದ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದ ಭಾರತೀಯ ನೌಕರನಿಗೆ ಹಾಗೆ ಹೋಗಲು ಬೇರೊಂದು ದೇಶ ಇರಲಿಲ್ಲ.

ಮಾನಸಿಕ ಅಸ್ವಾಸ್ಥ್ಯ

ಅಶಕ್ತತೆಯ ವ್ಯಾಖ್ಯೆಯಲ್ಲಿ ಮಾನಸಿಕ ಅಸ್ವಾಸ್ಥ್ಯವೂ ಸೇರಿತ್ತು. ಮನೋರೋಗಕ್ಕೆ ತುತ್ತಾದ ಯುರೋಪಿಯನ್ ನೌಕರರನ್ನು ಭಾರತದಲ್ಲಿ ಹೆಚ್ಚು ಕಾಲ ಇರಿಸಿಕೊಳ್ಳದೆ ಇಂಗ್ಲೆಂಡಿಗೆ ಸಾಗಿಸುವುದು ಕಂಪನಿಯ ಪದ್ಧತಿಯಾಗಿತ್ತು. 1818ರಿಂದ ಅವರನ್ನು ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಪೆಂಬ್ರೋಕ್ ಹೌಸ್ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಕಂಪನಿಯ ವೆಚ್ಚದಲ್ಲಿ ನೋಡಿಕೊಳ್ಳಲಾಗುತ್ತಿತ್ತು. 1870ರಲ್ಲಿ ಇದರ ಬದಲಿಗೆ ಈಲಿಂಗ್‌ನಲ್ಲಿ ರಾಯಲ್ ಇಂಡಿಯಾ ಅಸೈಲಮ್ ಆರಂಭವಾಗಿ 1892ರವರೆಗೆ ನಡೆಯಿತು.

ಪ್ರಮುಖ ನಿದರ್ಶನಗಳು

ವಿಲಿಯಂ ಲ್ಯಾಂಬ್ಟನ್ ಮತ್ತು ಜಾರ್ಜ್ ಎವರೆಸ್ಟ್

ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಮೊದಲ ಇಬ್ಬರು ಮುಖ್ಯಸ್ಥರು ಈ ವಿಷಯದಲ್ಲಿ ಎರಡು ಭಿನ್ನ ದಾರಿಗಳನ್ನು ತೋರುತ್ತಾರೆ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮಹಾ ಸರ್ವೇಕ್ಷಣೆಗೆ ತೊಡಗಿದ ಲ್ಯಾಂಬ್ಟನ್, ವೃದ್ಧಾಪ್ಯದಲ್ಲಿಯೂ ನಿವೃತ್ತರಾಗಲಿಲ್ಲ. ಹೈದರಾಬಾದಿನಿಂದ ನಾಗಪುರದತ್ತ ಸಾಗುತ್ತಿದ್ದಾಗ 1823ರ ಜನವರಿಯಲ್ಲಿ ಹಿಂಗಣಘಾಟದಲ್ಲಿ ಅವರು ನಿಧನರಾದರು.

ಅವರ ಸಹಾಯಕರಾಗಿದ್ದ ಎವರೆಸ್ಟ್ ಹೈದರಾಬಾದ್ ಸಂಸ್ಥಾನದ ಕಾಡುಗಳಲ್ಲಿ ತೀವ್ರ ಜ್ವರಕ್ಕೆ ಗುರಿಯಾಗಿ 1820ರಲ್ಲಿ ಕೇಪ್‌ಗೆ ಅನಾರೋಗ್ಯ ರಜೆಯ ಮೇಲೆ ತೆರಳಿದರು. ಅಲ್ಲಿ ಫ್ರೆಂಚ್ ಖಗೋಳಜ್ಞ ಲಕಾಯ್ ಹಿಂದೆ ಮಾಡಿದ್ದ ಭೂಮಾಪನವನ್ನು ಪರಿಶೀಲಿಸಿದರು. 1825ರಲ್ಲಿ ಮತ್ತೆ ಅಸ್ವಸ್ಥರಾಗಿ ಇಂಗ್ಲೆಂಡಿಗೆ ಹೋದ ಅವರು, ಆ ಅವಧಿಯಲ್ಲಿ ಹೊಸ ಅಳತೆಯ ಉಪಕರಣಗಳನ್ನು ಅಧ್ಯಯನ ಮಾಡಿ 1830ರಲ್ಲಿ ಮರಳಿದರು. 1843ರಲ್ಲಿ ನಿವೃತ್ತರಾಗಿ 1866ರವರೆಗೆ ಬದುಕಿದರು.

ಹ್ಯೂ ಕ್ಲೆಗ್‌ಹಾರ್ನ್

ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ಕ್ಲೆಗ್‌ಹಾರ್ನ್ 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಸೇವೆಯಲ್ಲಿದ್ದರು. ಜ್ವರದಿಂದ ಬಳಲಿ 1848ರಲ್ಲಿ ಬ್ರಿಟನ್ನಿಗೆ ಮರಳಿದರು. ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳ ಕುರಿತು ಬ್ರಿಟಿಷ್ ವಿಜ್ಞಾನ ಸಂಘಕ್ಕೆ 1851ರಲ್ಲಿ ಸಲ್ಲಿಕೆಯಾದ ವರದಿಯನ್ನು ಸಿದ್ಧಪಡಿಸುವಲ್ಲಿ ಅವರು ಪ್ರಮುಖ ಪಾತ್ರ ವಹಿಸಿದರು. ಭಾರತಕ್ಕೆ ಹಿಂತಿರುಗಿ 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಅನಾರೋಗ್ಯ ರಜೆ ನಿವೃತ್ತಿಯಲ್ಲಿ ಮುಗಿಯದೆ ಹೊಸ ಕಾರ್ಯಕ್ಷೇತ್ರಕ್ಕೆ ದಾರಿಯಾದ ನಿದರ್ಶನವಿದು.

ಮಾರ್ಕ್ ಕಬ್ಬನ್

ಕರ್ನಾಟಕದ ಇತಿಹಾಸದಲ್ಲಿ ಅನಾರೋಗ್ಯದಿಂದ ಅಧಿಕಾರ ತೊರೆದ ಬ್ರಿಟಿಷ್ ಅಧಿಕಾರಿಗಳ ಪೈಕಿ ಸರ್ ಮಾರ್ಕ್ ಕಬ್ಬನ್ ಅತ್ಯಂತ ಪರಿಚಿತರು. ಐಲ್ ಆಫ್ ಮ್ಯಾನ್ ದ್ವೀಪದವರಾದ ಅವರು 19ನೆಯ ಶತಮಾನದ ಆರಂಭದಲ್ಲಿ ಮದರಾಸು ಸೈನ್ಯಕ್ಕೆ ಸೇರಿದರು. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರರಾಗಿ ಬೆಂಗಳೂರಿನಿಂದ ಆಡಳಿತ ನಡೆಸಿದರು. ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ವಹಿಸುವ ಯೋಚನೆ 1860ರಲ್ಲಿ ಬಂದಾಗ ಅವರು ರಾಜೀನಾಮೆಗೆ ಮುಂದಾದರು. ಗವರ್ನರ್ ಜನರಲ್ ಕ್ಯಾನಿಂಗ್ ಆ ಯೋಚನೆಯನ್ನು ಕೈಬಿಟ್ಟ ಮೇಲೆ ಹುದ್ದೆಯಲ್ಲಿ ಮುಂದುವರಿದರು.

ಮರುವರ್ಷ ಅನಾರೋಗ್ಯ ಬಲವಾದಾಗ, ಭಾರತದಲ್ಲಿ ಸುಮಾರು ಅರವತ್ತು ವರ್ಷಗಳನ್ನು ಕಳೆದಿದ್ದ ಅವರು ಹುದ್ದೆಯನ್ನು ಬಿಟ್ಟು ಸ್ವದೇಶಕ್ಕೆ ಹೊರಟರು. ಆದರೆ ಊರು ಮುಟ್ಟಲಿಲ್ಲ; 1861ರ ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲಿ ಮರಣ ಹೊಂದಿದರು. ಅವರ ದೇಹವನ್ನು ಐಲ್ ಆಫ್ ಮ್ಯಾನ್‌ಗೆ ಒಯ್ದು ಸಮಾಧಿ ಮಾಡಲಾಯಿತು. ಸಿ. ಬಿ. ಸಾಂಡರ್ಸ್ ಅವರ ಹಂಗಾಮಿ ಆಡಳಿತದ ನಂತರ 1862ರಲ್ಲಿ ಲೆವಿನ್ ಬೌರಿಂಗ್ ಕಮಿಷನರರಾದರು. ಬೆಂಗಳೂರಿನ ಕಬ್ಬನ್ ಉದ್ಯಾನ ಮಾರ್ಕ್ ಕಬ್ಬನ್ ಅವರ ಹೆಸರನ್ನು ಹೊತ್ತಿದೆ.

ಲಾರ್ಡ್ ಡಾಲ್‌ಹೌಸಿ

1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯ ಆರೋಗ್ಯ ಅಧಿಕಾರಾವಧಿಯಲ್ಲೇ ಕುಸಿದಿತ್ತು. ಭಾರತವನ್ನು ಬಿಡುವಾಗ ಅವರು ಊರುಗೋಲಿನ ಆಸರೆಯಿಂದ ನಡೆಯುತ್ತಿದ್ದರು. ಅವರ ಪತ್ನಿ 1853ರಲ್ಲಿ ಅನಾರೋಗ್ಯದ ಕಾರಣ ಇಂಗ್ಲೆಂಡಿಗೆ ಮರಳುವ ಹಡಗಿನಲ್ಲಿಯೇ ಮೃತರಾಗಿದ್ದರು. ಕಂಪನಿಯು ಡಾಲ್‌ಹೌಸಿಗೆ ವರ್ಷಕ್ಕೆ 5,000 ಪೌಂಡ್ ವಿಶೇಷ ವರ್ಷಾಶನ ನೀಡಿತು. 1860ರ ಡಿಸೆಂಬರ್‌ನಲ್ಲಿ ಅವರು 48ನೆಯ ವಯಸ್ಸಿನಲ್ಲಿ ನಿಧನರಾದರು.

ಭಾರತೀಯ ಅಧಿಕಾರಿಗಳು

ಬೊಂಬಾಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರು ಹೃದ್ರೋಗದಿಂದ ಬಳಲುತ್ತ ರಜೆ ಪಡೆದ ಕೆಲವೇ ದಿನಗಳಲ್ಲಿ, 1901ರ ಜನವರಿ 16ರಂದು ನಿಧನರಾದರು. ಅದೇ ವರ್ಷ ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರು ಅನಾರೋಗ್ಯದಿಂದ ನಿವೃತ್ತರಾದರು. 1883ರಿಂದ ದಿವಾನಗಿರಿ ನಡೆಸಿದ್ದ ಅವರು ನಿವೃತ್ತಿಯಾದ ಕೆಲವೇ ತಿಂಗಳುಗಳಲ್ಲಿ, ಸೆಪ್ಟೆಂಬರ್ 13ರಂದು ತೀರಿಕೊಂಡರು. ಅವರು ಆರಂಭಿಸಿದ್ದ ಶಿವನಸಮುದ್ರದ ಜಲವಿದ್ಯುತ್ ಯೋಜನೆ ಕಾರ್ಯಾರಂಭ ಮಾಡಿದ್ದು 1902ರಲ್ಲಿ. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ಅವರ ಸೇವೆ ನೇರವಾಗಿ ಬ್ರಿಟಿಷ್ ಸರ್ಕಾರದ್ದಲ್ಲ. ಆದರೆ ಸಂಸ್ಥಾನದ ಸೇವಾ ನಿಯಮಗಳು ಬಹುಮಟ್ಟಿಗೆ ಬ್ರಿಟಿಷ್ ಭಾರತದ ಸಂಹಿತೆಯ ಮಾದರಿಯಲ್ಲಿದ್ದವು.

ಅನುಗ್ರಹವೋ ಹಕ್ಕೋ

ವಸಾಹತು ಸರ್ಕಾರದ ದೃಷ್ಟಿಯಲ್ಲಿ ಪಿಂಚಣಿಯು ನೌಕರನ ಹಕ್ಕಾಗಿರದೆ ಸರ್ಕಾರದ ಅನುಗ್ರಹವಾಗಿತ್ತು. ಪಿಂಚಣಿಗೆ ಸಂಬಂಧಿಸಿದ ದಾವೆಗಳನ್ನು ಸಿವಿಲ್ ನ್ಯಾಯಾಲಯಗಳು ಸಾಮಾನ್ಯವಾಗಿ ವಿಚಾರಿಸದಂತೆ 1871ರ ಪಿಂಚಣಿ ಅಧಿನಿಯಮ ನಿರ್ಬಂಧಿಸಿತು. ಅದೇ ಅಧಿನಿಯಮವು ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡದಂತೆ ರಕ್ಷಣೆಯನ್ನೂ ನೀಡಿತು. ಪಿಂಚಣಿದಾರನು ಮುಂದೆಯೂ ಸನ್ನಡತೆಯಿಂದಿರಬೇಕೆಂಬುದು ಪ್ರತಿಯೊಂದು ಮಂಜೂರಾತಿಯ ಒಳಷರತ್ತೆಂದು ಸಂಹಿತೆ ಸಾರಿತ್ತು. ಕಾಯಿಲೆಯಿಂದ ಮನೆಯಲ್ಲಿ ಮಲಗಿದ್ದ ಮಾಜಿ ನೌಕರನ ಜೀವನಾಧಾರವೂ ಹೀಗೆ ಸರ್ಕಾರದ ಮರ್ಜಿಗೆ ಒಳಪಟ್ಟಿತ್ತು.

ಸ್ವಾತಂತ್ರ್ಯಾನಂತರ

ಸ್ವತಂತ್ರ ಭಾರತವು ಈ ಸಂಹಿತೆಯ ಚೌಕಟ್ಟನ್ನು ಉಳಿಸಿಕೊಂಡು ಕ್ರಮೇಣ ಅದರ ಕಠಿಣ ಅಂಶಗಳನ್ನು ಬದಲಿಸಿತು. ಕೇಂದ್ರ ಸರ್ಕಾರದ ನೌಕರರ ವಿಷಯದಲ್ಲಿ 1964ರ ಕುಟುಂಬ ಪಿಂಚಣಿ ಯೋಜನೆಯು ನೌಕರನ ಮರಣಾನಂತರವೂ ಕುಟುಂಬಕ್ಕೆ ಆಸರೆ ನೀಡಿತು. ಪಿಂಚಣಿಯು ಸರ್ಕಾರದ ಇಚ್ಛೆಗೆ ಬಿಟ್ಟ ಕೊಡುಗೆಯಲ್ಲ, ನೌಕರನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಹೇಳಿತು. 1982ರ ನಕಾರಾ ಪ್ರಕರಣದಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿತು.

ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯಬಾರದು, ಅವನಿಗೆ ಒಗ್ಗುವ ಬೇರೆ ಹುದ್ದೆಯನ್ನು ಅದೇ ವೇತನ ಶ್ರೇಣಿಯಲ್ಲಿ ಕೊಡಬೇಕು ಎಂದು 1995ರ ಅಂಗವಿಕಲರ ಅಧಿನಿಯಮ ವಿಧಿಸಿತು. 2016ರ ಅಧಿನಿಯಮವೂ ಈ ರಕ್ಷಣೆಯನ್ನು ಮುಂದುವರಿಸಿದೆ. ಹಗುರವಾದ ಕೆಲಸವೆಂದರೆ ಕಡಿಮೆ ಸಂಬಳ ಎಂಬ ಹಳೆಯ ಕಲ್ಪನೆಗೆ ಇದು ವಿರುದ್ಧವಾದುದು. ಹತ್ತು ವರ್ಷ ತುಂಬದವರಿಗೆ ಉಪದಾನ ಮಾತ್ರ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತಿದ್ದುಪಡಿ ಮಾಡಿ, ಅಂಥವರಿಗೂ ಅಶಕ್ತತಾ ಪಿಂಚಣಿ ದೊರೆಯುವಂತೆ ಮಾಡಿತು. ಕರ್ನಾಟಕದಲ್ಲಿ 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಅಶಕ್ತತಾ ನಿವೃತ್ತಿ ವೇತನಕ್ಕೆ ಅವಕಾಶ ಕಲ್ಪಿಸಿವೆ. ವೈದ್ಯಕೀಯ ಪ್ರಮಾಣಪತ್ರವೇ ಇಂದಿಗೂ ಅದರ ಆಧಾರ.